ಮಿಲ್ಟ್ರಿ ನಿಂಗಣ್ಣನನ್ನು ನೋಡಲು ಹೋದದ್ದು

ಬಾಗಲಕೋಟೆಯಲ್ಲಿ ಮೈಸೂರಿನ ರೈಲು ಹತ್ತಿದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಎರಡು ದಿನಕ್ಕೆ ಬೇಕಾದ ಬಟ್ಟೆ. ಇನ್ನೊಂದರಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ. ಎರಡನೆಯದೇ ಭಾರವಾಗಿತ್ತು. "ಎಲ್ಲಾ ನಿಂಗಣ್ಣಗ ಕೊಡು. ಅಲ್ಲೆ ರಾಗಿ ತಿಂದ ತಿಂದ ಬಾಯಿ ಕೆಟ್ಟಿರತೈತಿ," ಎಂದಿದ್ದಳು. ಸ್ಲೀಪರ್ ಟಿಕೆಟ್ಟಿಗೆ ನಾನೂರು ಚಿಲ್ಲರೆ ಆಯಿತು. ಕೆಳಗಿನ ಬರ್ತು ಸಿಕ್ಕಿತು. ಚೀಲವನ್ನು ತಲೆದೆಸೆಗೆ ಇಟ್ಟುಕೊಂಡು ಮಲಗಿದೆ.

ನಿಂಗಣ್ಣ ನಮಗೆ ಸಂಬಂಧಿಕನಲ್ಲ. ನನ್ನ ಅಪ್ಪ ವೀರಪ್ಪ ಸೈನ್ಯದಲ್ಲಿದ್ದ. ಸೇತುವೆ ಕಟ್ಟುವ, ನೆಲಬಾಂಬು ತೆಗೆಯುವ ತುಕಡಿ. ಅದೇ ತುಕಡಿಯಲ್ಲಿ ಮಂಡ್ಯ ಕಡೆಯ ನಿಂಗೇಗೌಡ ಎಂಬ ಹುಡುಗನಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಅಪ್ಪ ತೀರಿಕೊಂಡ. ಆಗ ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಮರುವರ್ಷ ಅಪ್ಪನ ದಿನಕ್ಕೆ ಸರಿಯಾಗಿ ನಿಂಗಣ್ಣ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದನಂತೆ. ಆಮೇಲೆ ಪ್ರತಿ ವರ್ಷ ಬಂದ. ಎರಡು ದಿನ ಇದ್ದು, ಅಡುಗೆಮನೆಯಲ್ಲಿ ನಮ್ಮ ಜೊತೆ ಕುಳಿತು ರೊಟ್ಟಿ ಉಂಡು, ಸೋರುವ ಮಾಳಿಗೆಗೆ ಮಣ್ಣು ಹಾಕಿಸಿ ಹೋಗುತ್ತಿದ್ದ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಅಪ್ಪ ಹೇಗೆ ಸತ್ತ ಎಂದು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ. "ಒಂದೇ ಗುಂಡು ಕಣವ್ವ. ನೋವು ಅನ್ನೋದೇ ಗೊತ್ತಾಗ್ನಿಲ್ಲ ಅವ್ನಿಗೆ." ಅವ್ವ ಈ ಮಾತನ್ನು ಹಿಡಿದುಕೊಂಡು ಬದುಕಿದವಳು. ಯಾರಾದರೂ ಮರುಕ ತೋರಿದರೆ ಅವಳೂ ಅದನ್ನೇ ಹೇಳುತ್ತಿದ್ದಳು, ಒಂದ ಗುಂಡು, ನೋವಾಗಿಲ್ಲ ಅಂತ.

ಈಚಿನ ವರ್ಷಗಳಲ್ಲಿ ಮಂಡಿನೋವಿನಿಂದ ಅವನಿಗೆ ಬರಲಾಗುತ್ತಿರಲಿಲ್ಲ. ಫೋನು ಮಾಡುತ್ತಿದ್ದ. ಕೊನೆಯ ಸಲ ಮಾಡಿದಾಗ ಅವನ ದನಿ ಯಾಕೋ ಸಣ್ಣದಾಗಿತ್ತು. "ಗಿರಿಜವ್ವ, ವಸಿ ರಜಾ ಹಾಕಿ ಬಂದೋಗು. ಮಳವಳ್ಳೀಲಿರೋ ನಮ್ಮ ಓಟ್ಲೂ ನೋಡ್ದಂಗಾಯ್ತದೆ. ನಿನ್ನ ಒಂದ್ ಮಾತು ಕೇಳ್ಬೇಕು ಕಣವ್ವ. ಫೋನಲ್ಲಿ ಬ್ಯಾಡ." ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಮಂಡಿ ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ಕೇಳಲಿಕ್ಕೆ ಇರಬೇಕು ಅಂದುಕೊಂಡೆ. ಟಿಕೆಟ್ ತೆಗೆಸಿ, ಬರುವ ದಿನ ತಿಳಿಸಿದೆ.

ಮಂಡ್ಯದಲ್ಲಿ ಇಳಿದಾಗ ಒಂಬತ್ತು ದಾಟಿತ್ತು. ಹಿತವಾದ ಬಿಸಿಲು. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ, ಕಾಫಿ ತೆಗೆದುಕೊಂಡೆ. ಕಾಕಾನಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಚಾರ್ಜು ಹಾಕುವುದನ್ನು ಮರೆತಿರಬೇಕು ಎಂದು ಬಸ್ ಸ್ಟ್ಯಾಂಡಿಗೆ ಆಟೋ ಹಿಡಿದೆ. ಮಳವಳ್ಳಿ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟ.

"ಮಳವಳ್ಳೀಲಿ ಎಲ್ಲಿಗವ್ವ?"

"ಅಲ್ಲೆ ಮಿಲ್ಟ್ರಿ ಹೋಟೆಲ್ ಐತಿ ನೋಡ್ರಿ, ಅಲ್ಲಿಗೆ."

ಅವನು ನಕ್ಕ. "ಮಿಲ್ಟ್ರಿ ಓಟ್ಲು ಒಂದಾ ಎರಡಾ ತಾಯಿ? ಬೀದಿಗೊಂದು ಅವೆ."

ಒಂದೇ ಊರಿನಲ್ಲಿ ಅಷ್ಟೊಂದು ಸೈನಿಕರು ಹೋಟೆಲು ಇಟ್ಟಿದ್ದಾರೆಯೇ ಎಂದು ಪಕ್ಕದಲ್ಲಿ ಕುಳಿತಿದ್ದ ಹೆಂಗಸನ್ನು ಕೇಳಿದೆ. ಆಕೆ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. "ಮಿಲ್ಟ್ರಿ ಓಟ್ಲು ಅಂದ್ರೆ ಬಾಡೂಟದ್ದು ಕಣವ್ವ. ಕುರಿ, ಕೋಳಿ, ತಲೆಮಾಂಸ, ಬೋಟಿ. ನಿಮ್ ಕಡೆ ಅಂಗನ್ನಲ್ವಾ?"

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತರುವುದಿಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಒಲೆಯ ಮುಂದೆ ಕುಳಿತು ಎಣ್ಣೆಗಾಯಿ ಹೊಗಳಿದ ಮನುಷ್ಯ ಮಾಂಸದ ಹೋಟೆಲಿನ ಯಜಮಾನ. ಸುಳ್ಳೇನೂ ಹೇಳಿರಲಿಲ್ಲ. 'ಸಣ್ಣದೊಂದು ಮಿಲ್ಟ್ರಿ ಓಟ್ಲು' ಎನ್ನುತ್ತಿದ್ದ, ಅಷ್ಟೇ. ಸೈನ್ಯದಲ್ಲಿದ್ದವನೆಂದು ಆ ಹೆಸರು ಎಂದುಕೊಂಡಿದ್ದೆವು. ಅವ್ವನಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಾ, ಒಳಗೊಳಗೇ ನಗುತ್ತಾ ಕುಳಿತೆ. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ತೆವಳಿ ತೆವಳಿ ನಲವತ್ತು ಕಿಲೋಮೀಟರ್ ಹೋಗಲು ಒಂದೂವರೆ ಗಂಟೆ ಹಿಡಿಯಿತು.

ಮಳವಳ್ಳಿಯ ಸರ್ಕಲ್ಲಿನಲ್ಲಿ ಬಸ್ಸು ನಿಧಾನವಾದಾಗ ಕಿಟಕಿಯಿಂದ ಕಾಕಾನ ಮುಖ ಕಂಡಿತು. ಆಳೆತ್ತರದ ಫ್ಲೆಕ್ಸಿನ ಮೇಲೆ, ಬಿಳಿ ಮೀಸೆ ಹುರಿಮಾಡಿಕೊಂಡು ನಗುತ್ತಿದ್ದ. ಸುತ್ತ ಹತ್ತಾರು ಹುಡುಗರ ಫೋಟೋಗಳು. ಹುಟ್ಟುಹಬ್ಬ ಇರಬೇಕು, ಅದಕ್ಕೇ ಬಾ ಎಂದಿದ್ದಾನೆ ಅಂದುಕೊಂಡು ನನ್ನ ಮುಖವೂ ಅರಳಿತು. ಬಸ್ಸು ಇನ್ನಷ್ಟು ಮುಂದೆ ಹೋದಾಗ ಕೆಳಗಿನ ಅಕ್ಷರ ಕಾಣಿಸಿತು. 'ಮಿಲ್ಟ್ರಿ ನಿಂಗಣ್ಣನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.'

ಇಳಿದದ್ದು ನೆನಪಿದೆ. ಫ್ಲೆಕ್ಸಿನ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ನಿತ್ಯ ಸಾವು ನೋಡುವ ಕೆಲಸ ನನ್ನದು. ಆದರೂ ಆ ಅಕ್ಷರಗಳನ್ನು ಮತ್ತೆ ಮತ್ತೆ ಓದಿದೆ. ಒಬ್ಬ ಆಟೋದವನು ಬಂದು, "ಅವ್ರ ಕಡೆಯೋರಾ? ಬನ್ನಿ, ಕೂತ್ಕೊಳಿ," ಎಂದು ಚೀಲ ಎತ್ತಿಕೊಂಡ. ಇಳಿಯುವಾಗ ಬಾಡಿಗೆ ತೆಗೆದುಕೊಳ್ಳಲಿಲ್ಲ. "ಅವ್ರ ಮನೆಗೆ ಬಂದೋರ್ತಾವ ಇಸ್ಕಂಡ್ರೆ ಚೆಂದಾಗಿರದಿಲ್ಲ," ಎಂದು ತಿರುಗಿಸಿಕೊಂಡು ಹೋದ.

ಹೋಟೆಲಿನ ಷಟರು ಅರ್ಧ ಇಳಿದಿತ್ತು. ಹೊರಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಹಾಲಿನ ಚೊಂಬು ಹಿಡಿದು ಹೊರಟಿದ್ದವಳು ನನ್ನನ್ನು ನೋಡಿ ನಿಂತಳು. ಮುಖ ಕಾಕಾನದೇ. ಅವನ ಮಗಳು ಜಯಮ್ಮ. ಫೋಟೋದಲ್ಲಿ ಮಾತ್ರ ನನ್ನನ್ನು ನೋಡಿದ್ದವಳು.

"ಗಿರಿಜಕ್ಕನಾ?" ಎಂದಳು. ನಾನು ತಲೆಯಾಡಿಸಿದ್ದೇ ತಡ, ಚೊಂಬನ್ನು ಕೆಳಗಿಟ್ಟು ನನ್ನ ತೋಳು ಹಿಡಿದು ಅತ್ತಳು. "ನಿಮ್ಗೆ ಎಂಗ್ ಯೋಳಾನ ಅಕ್ಕ? ಅಪ್ಪನ ಫೋನು ಲಾಕಾಗೈತೆ. ನಿಮ್ ನಂಬರ್ ಯಾರ್ಗೂ ಗೊತ್ತಿಲ್ಲ. ಇವತ್ತು ನೀವು ಬತ್ತೀರಿ ಅಂತ ಗೊತ್ತಿತ್ತು. ಬಂದೋರ್ಗೆ ಏನಂತ ಯೋಳದು ಅಂತ ಬೆಳಗ್ಗಿಂದ ಅದೇ ಯೋಚ್ನೆ."

ಅವನು ಹೋದದ್ದು ಭಾನುವಾರ ಮಧ್ಯಾಹ್ನ. ಹೋಟೆಲು ತುಂಬಿತ್ತಂತೆ. ಮಂಡಿನೋವಿದ್ದರೂ ರಾಗಿ ಹಿಟ್ಟು ತೊಳಸುವುದನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ದೊಣ್ಣೆ ಹಿಡಿದು ತೊಳಸುತ್ತಿದ್ದವನು, "ಜಯಾ, ವಸಿ ಇಡ್ಕ ಇದ್ನ," ಎಂದು ಅವಳ ಕೈಗೆ ಕೊಟ್ಟು ಗೋಡೆಗೆ ಒರಗಿ ಕುಳಿತ. ಅವಳು ಮುದ್ದೆ ಇಳಿಸಿ ತಿರುಗುವಷ್ಟರಲ್ಲಿ ಮುಗಿದುಹೋಗಿತ್ತು.

ಅಂದು ಹಾಲು-ತುಪ್ಪ. ಮಣ್ಣು ಮಾಡಿದ ಮೇಲೆ ಗುಂಡಿಯ ಮೇಲೆ ಹಾಲು, ತುಪ್ಪ ಬಿಟ್ಟು ಎಡೆ ಇಡುವ ದಿನ. ಕೊಳ್ಳೇಗಾಲದ ರಸ್ತೆಯಲ್ಲಿ ಅವರದೊಂದು ತುಂಡು ಜಮೀನಿದೆ. ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋದರು. ಹತ್ತಿರದ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸ ಮಾಡುವ ಮಗ ಮಾದೇಶ ತಲೆ ಬೋಳಿಸಿಕೊಂಡು ಮುಂದೆ ನಿಂತಿದ್ದ. ಹಸಿ ಮಣ್ಣಿನ ದಿಬ್ಬ, ಅದರ ಮೇಲೆ ಬಾಡಿದ ಚೆಂಡುಹೂ. ಮುದ್ದೆ, ಸಾರು, ವಡೆ, ಒಂದು ಕಟ್ಟು ಬೀಡಿ, ಎಲ್ಲವನ್ನೂ ಎಲೆಗೆ ಬಡಿಸಿದ್ದರು. ಜಯಮ್ಮ ನನ್ನ ಚೀಲದ ಕಡೆ ನೋಡಿ, "ಅವ್ವ ಏನಾರ ಕಳ್ಸವ್ರಾ?" ಎಂದು ಕೇಳಿದಳು. ನಾನು ಶೇಂಗಾ ಹೋಳಿಗೆ ತೆಗೆದುಕೊಟ್ಟೆ. ಬಾಡಿನ ಸಾರಿನ ಎಡೆಯಿಂದ ದೂರವಾಗಿ, ಬೇರೆ ಎಲೆ ಹಾಕಿ ಅದನ್ನಿಟ್ಟಳು. ಅವರಪ್ಪ ನಮ್ಮ ಮನೆಯ ಮಡಿಯನ್ನು ಎಷ್ಟು ಹೇಳಿಕೊಟ್ಟಿದ್ದನೋ.

ಹೋಟೆಲಿಗೆ ವಾಪಸು ಬಂದಾಗ ಬೆಂಚುಗಳಲ್ಲಿ ಜನ ತುಂಬಿದ್ದರು. ಅಡುಗೆ ಇರಲಿಲ್ಲ, ಪಕ್ಕದ ಅಂಗಡಿಯಿಂದ ಟೀ ಬಂತು. ಒಬ್ಬೊಬ್ಬರೂ ಅವನ ಬಗ್ಗೆಯೇ ಹೇಳುತ್ತಿದ್ದರು. ಬಸರಾಳು ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ್ದು, ಮೀಸೆ ಬರುವ ಮುಂಚೆಯೇ ಸೈನ್ಯಕ್ಕೆ ಸೇರಿದ್ದು. ಹವಾಲ್ದಾರನಾಗಿ ವಾಪಸು ಬಂದು ಸೋಮನಹಳ್ಳಿಯ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದು. 'ಕಾರು ಬಂದಾಗೆಲ್ಲ ಸಲ್ಯೂಟ್ ಒಡೀಬೇಕಂತೆ, ಕಾರೊಳಗೆ ಯಾವನವ್ನೆ ಅಂತಾನೂ ಕಾಣಕಿಲ್ಲ' ಎಂದು ಆರೇ ತಿಂಗಳಿಗೆ ಬಿಟ್ಟು, ಆಗಿನ್ನೂ ಬದುಕಿದ್ದ ಹೆಂಡತಿ ಕೆಂಪಮ್ಮನ ಜೊತೆ ಇಲ್ಲಿ ಗರಿಯ ಚಪ್ಪರದ ಕೆಳಗೆ ಒಲೆ ಹಚ್ಚಿದ್ದು. ಕಾವೇರಿ ಗಲಾಟೆಯ ದಿನಗಳಲ್ಲಿ ಊರೆಲ್ಲ ಬಂದಾಗಿದ್ದಾಗ ಇವನೊಬ್ಬನೇ ಹಿಂಬಾಗಿಲಲ್ಲಿ ಅಡುಗೆ ಮಾಡಿ, ರಸ್ತೆಯಲ್ಲಿ ಟೈರು ಸುಟ್ಟವರನ್ನೂ ಅವರನ್ನು ಓಡಿಸಲು ಬಂದ ಪೊಲೀಸರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಬಡಿಸಿದ್ದು.

ಇದನ್ನು ಹೇಳಿದವನು ಕಾಳೇಗೌಡ. ಬಸ್ ಡ್ರೈವರಾಗಿ ನಿವೃತ್ತನಾದವನು, ದಿನವೂ ಇಲ್ಲೇ ಉಣ್ಣುತ್ತಿದ್ದವನು. ನನ್ನ ಎದುರಿಗೆ ಕುಳಿತು, ಯಾವೂರು ಎಂದು ಕೇಳಿದ. ಬಾಗಲಕೋಟೆ, ಪರಿಚಯದವರು ಎಂದೆ. ಜಯಮ್ಮ ಒಳಗೆ ಸ್ನಾನಕ್ಕೆ ಹೋಗಿದ್ದಳು.

"ಬಾಗ್ಲುಕೋಟೆನಾ?" ಅವನು ತೊಡೆ ತಟ್ಟಿದ. "ಅಂಗಾದ್ರೆ ನೀವೇ ಆ ಒಣರೊಟ್ಟಿ ಸೀಮೆಯೋರು! ವರ್ಸಕ್ಕೊಂದಿನ ನಮ್ಗೆ ಇಲ್ಲಿ ಅದೇ ಸಿಕ್ಸೆ ಕಣವ್ವ. ಮಂಡಿ ಕೆಟ್ಟು ನಿಮ್ಮೂರ್ಗೆ ಓಗದು ನಿಂತ್ಮೇಲೆ ಸುರು ಮಾಡ್ದ. ಅವತ್ತು ಬಾಡಿಲ್ಲ, ಮುದ್ದೆ ಇಲ್ಲ. ಜೋಳದ ರೊಟ್ಟಿ, ಬದ್ನೆಕಾಯಿ, ಎಲ್ಲಾರ್ಗೂ ಪುಕ್ಕಟೆ. ರೊಟ್ಟಿ ಇವ್ನಿಗೆ ತಟ್ಟಕ್ಕೇ ಬತ್ತಿರ್ನಿಲ್ಲ. ಅಪ್ಪಳದಂಗಿರದು. ತಿನ್ರಲಾ ಅಂತ ಬೈಯೋನು. ತಿಂದಾದ್ಮೇಲೆ ಅವ್ನ ಸ್ನೇಹಿತ್ನ ಕತೆ ಯೋಳೋನು. ಈರಪ್ಪ ಅಂತ. ನಿಮ್ ಕಡೆಯೋನೇ."

ನಾನು ಟೀ ಲೋಟ ಕೆಳಗಿಟ್ಟೆ. ಗುಂಡಿನ ಕತೆ ತಾನೆ, ಅದು ಗೊತ್ತಿದ್ದದ್ದೇ ಎಂದುಕೊಂಡೆ.

"ಒಟ್ಟೆಗೆ ಬಿದ್ದಿತ್ತಂತೆ, ಬಾಂಬಿನ ಚೂರು," ಎಂದ ಕಾಳೇಗೌಡ. "ಬೆಳಗ್ಗೆ ಬಿದ್ದೋನು ಮಧ್ಯಾನದಗಂಟ ಜೀವ ಇಡ್ಕಂಡಿದ್ದ. ಇವ್ನು ಬೆನ್ಮೇಲೆ ಒತ್ಕಂಡು ಒಂದು ಅಳ್ಳಕ್ಕೆ ತಂದು ಮಲಗ್ಸವ್ನೆ. ಆಚೆ ಸೆಲ್ಲು ಬೀಳ್ತಾ ಅವೆ. ಗಾಡಿ ಬರಂಗಿಲ್ಲ, ಇವ್ರು ಓಗಂಗಿಲ್ಲ. ಒಟ್ಟೆಗೆ ಏಟು ಬಿದ್ದೋರ್ಗೆ ನೀರು ಕೊಡ್ಬಾರ್ದು ಅಂತ ಇವ್ರಿಗೆ ಯೋಳ್ಕೊಟ್ಟಿದ್ರಂತೆ. ಇವ್ನ ಸೊಂಟದಲ್ಲಿ ಬಾಟ್ಲಿ ತುಂಬಾ ನೀರದೆ. ಅವ್ನು ಅದ್ನೇ ನೋಡ್ಕಂಡು..."

"ಕಾಳಣ್ಣ! ಸುಮ್ಕಿರಣ್ಣೋ!" ಜಯಮ್ಮ ಒದ್ದೆ ಕೂದಲಲ್ಲೇ ಬಾಗಿಲಿಗೆ ಓಡಿ ಬಂದಿದ್ದಳು. "ಅವ್ರು ಯಾರು ಅಂತ ತಿಳ್ಕಂಡು ಮಾತಾಡ್ಬಾರ್ದಾ?"

ಕಾಳೇಗೌಡ ಬೆಪ್ಪಾಗಿ ಇಬ್ಬರನ್ನೂ ನೋಡಿದ. ನಾನು ಬೆಂಚಿನ ತುದಿಗೆ ಸರಿದೆ.

"ಹೇಳ್ರಿ. ಅಂವಾ ನಮ್ಮಪ್ಪ. ಏನಂದಾ ಹೇಳ್ರಿ."

ಅವನು ಜಯಮ್ಮನ ಮುಖ ನೋಡಿದ. ಅವಳು ಬಾಗಿಲಲ್ಲೇ ಕುಳಿತಳು. ಕಾಳೇಗೌಡ ಕಣ್ಣು ಮುಚ್ಚಿಕೊಂಡ. ನಿಂಗಣ್ಣ ಹೇಗೆ ಹೇಳುತ್ತಿದ್ದನೋ ಹಾಗೆಯೇ, ಬಾಯಿಪಾಠವಾಗಿದ್ದ ಮಾತನ್ನು ಹೇಳಿದ.

"'ನೀರ ಕೊಡಲೇ ನಿಂಗಾ. ಒಂದ ಗುಟುಕ ಹಾಕೋ ತಮ್ಮಾ. ನಾ ಏನ ಪಾಪಾ ಮಾಡೇನೋ ನಿಂದು?'"

ಮಳವಳ್ಳಿಯ ಒಬ್ಬ ಬಸ್ ಡ್ರೈವರನ ಬಾಯಿಂದ ನಮ್ಮೂರಿನ ಮಾತು ಬಂತು. 'ಹಾಕೋ ತಮ್ಮಾ' ಎನ್ನುವಲ್ಲಿ ದನಿ ಎಳೆದು ಇಳಿಸುವುದು ಇತ್ತಲ್ಲ, ಅದು ನಮ್ಮ ಓಣಿಯದು. ನಾನು ಅಪ್ಪನನ್ನು ನೋಡಿಲ್ಲ. ಅವನ ಮಾತು ಹೇಗಿತ್ತು ಎಂದು ಒಮ್ಮೆಯೂ ಕೇಳಿಲ್ಲ. ಐವತ್ತು ವರ್ಷ ದಾಟಿದ ಮೇಲೆ, ಮಾಂಸದ ಹೋಟೆಲಿನ ಬೆಂಚಿನ ಮೇಲೆ, ಅವನ ದನಿ ಕೇಳಿದೆ. ಅದು ನೀರು ಬೇಡುತ್ತಿತ್ತು.

ಉಳಿದದ್ದನ್ನು ಕಾಳೇಗೌಡ ನೆಲ ನೋಡುತ್ತ ಹೇಳಿದ. ಬೇಡಿದನಂತೆ, ಬೈದನಂತೆ, ಆಮೇಲೆ ಸುಮ್ಮನಾದನಂತೆ. ನಿಂಗಣ್ಣ ಕೊಡಲಿಲ್ಲ. ಕೊಡದಿದ್ದರೆ ಬದುಕಿಯಾನು ಎಂಬ ಆಸೆ. ಗಾಡಿ ಬರುವ ಮುಂಚೆ ಅಪ್ಪ ಹೋಗಿಬಿಟ್ಟ. "'ಬಾಟ್ಲಿ ತುಂಬಿದಂಗೇ ಇತ್ತು ಕಣ್ಲಾ ಕಾಳ' ಅನ್ನೋನು. ಅದ್ಕೇಯ ಈ ಓಟ್ಲಲ್ಲಿ ಯಾರೂ ನೀರು ಕೇಳಂಗಿಲ್ಲ. ಕುಂಡಿ ಬೆಂಚಿಗೆ ತಾಗೋ ಮುಂಚೆ ಲೋಟ ಇಟ್ಟಿರ್ಬೇಕು. ಒಂದಿನ ಗಿರಾಕಿ ಒಬ್ಬ 'ನೀರು ಕೊಡಿ' ಅಂತ ಎರಡ್ಸಲ ಕೂಗ್ಬುಟ್ಟ. ನಿಂಗಣ್ಣ ಸೌಟು ಎಸ್ದು ಈಚ್ಗೆ ಬಂದು ಅವ್ನ ಕಾಲು ಇಡ್ಕಂಡ."

ಜಯಮ್ಮ ನನ್ನ ಪಕ್ಕಕ್ಕೆ ಬಂದು ಕುಳಿತಳು. "ನಿಮ್ಮವ್ವಂಗೆ ಒಂದೇ ಗುಂಡು ಅಂತ ಯೋಳ್ಬುಟ್ಟಿದ್ರು ಅಕ್ಕ. ಆಮೇಲೆ ತಿದ್ದಕ್ಕೆ ಆಗ್ನಿಲ್ಲ. ಈಗ ವಯಸ್ಸಾದ್ಮೇಲೆ ಅದೇ ಕೊರ್ಗು. 'ಗಿರಿಜವ್ವ ನರ್ಸು, ಅವ್ಳಿಗೆ ಗೊತ್ತಿರ್ತದೆ, ಕೇಳ್ಬುಡ್ತೀನಿ' ಅನ್ನೋರು. 'ಎಂಗಿದ್ರೂ ಸಾಯೋನ್ಗೆ ನಾನು ನೀರು ಕೊಡ್ನಿಲ್ವಾ? ಇಲ್ಲ ನಾನು ಮಾಡಿದ್ದು ಸರೀನಾ?' ಇದೇ ಆ ಮಾತು. ಇದ್ನ ಕೇಳಕ್ಕೇ ನಿಮ್ನ ಕರ್ದಿದ್ದು."

ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಕೆಲಸಕ್ಕೆ ಸೇರಿದ ದಿನದಿಂದ ಇತ್ತು. ಹೊಟ್ಟೆ ಸೀಳಿ ಬಂದವರಿಗೆ ಬಾಯಿಂದ ಏನನ್ನೂ ಕೊಡುವಂತಿಲ್ಲ. ನಾನೇ ಎಷ್ಟೋ ಜನರಿಗೆ ನೀರು ಕೊಡದೆ, ಒದ್ದೆ ಹತ್ತಿಯಿಂದ ತುಟಿ ಮಾತ್ರ ಒರೆಸಿ ನಿಂತಿದ್ದೇನೆ. ಅವರ ಬೈಗುಳ ತಿಂದಿದ್ದೇನೆ. ಕಾಕಾ ನಮ್ಮ ಮನೆಯಲ್ಲಿ ಕುಳಿತು ಒಂದು ಸಲ ಬಾಯಿ ಬಿಟ್ಟಿದ್ದರೆ ಆ ಕ್ಷಣವೇ ಹೇಳುತ್ತಿದ್ದೆ. ನಾಲ್ಕು ದಿನ ಮುಂಚೆ ಬಂದಿದ್ದರೂ ಹೇಳುತ್ತಿದ್ದೆ.

ಅಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದೆ. "ಕಾಕಾ ಮಾಡಿದ್ದು ಬರೋಬ್ಬರಿ ಐತ್ರಿ. ನಾ ಅಲ್ಲೆ ಇದ್ರೂ ಕೊಡ್ತಿರಲಿಲ್ಲ."

ಕಾಳೇಗೌಡ ಟವೆಲಿನಿಂದ ಮುಖ ಮುಚ್ಚಿಕೊಂಡ. ಜಯಮ್ಮ ನೆಲಕ್ಕೆ ಕೈ ಬಡಿಯುತ್ತ, "ಅಪ್ಪಾ, ಇನ್ನೊಂದ್ ನಾಕು ದಿನ ಇರ್ಬಾರ್ದಿತ್ತಾ," ಎಂದು ಕೂಗಿಕೊಂಡಳು. ಸಾವಿನ ಮನೆಯ ಅಳು ನನಗೆ ಹೊಸದಲ್ಲ. ಇಂಥ ಅಳುವನ್ನು ಮಾತ್ರ ನಾನು ಕೇಳಿರಲಿಲ್ಲ.

ಎರಡು ದಿನ ಇರಬೇಕೆಂದು ಬಂದವಳಿಗೆ ಅಂದೇ ಹೊರಡಬೇಕು ಎನಿಸಿತು. ಜಯಮ್ಮ ತಡೆದಳು, ನಾನು ಅವ್ವನ ಹೆಸರು ಹೇಳಿದೆ. ಮದ್ದೂರಿಗೆ ಹೋದರೆ ಸಂಜೆಯ ರೈಲು ಸಿಗುತ್ತದೆ ಎಂದು ಮಾದೇಶ ಸ್ನೇಹಿತನ ಕಾರು ತಂದ. ಮದ್ದೂರು ಹತ್ತಿರ ಬಂದಾಗ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ, "ಅಕ್ಕ, ನಿಜ ಯೋಳಿ. ನಮ್ ಸಮಾಧಾನಕ್ಕೆ ಅಂಗಂದ್ರಾ?"

"ಇಲ್ಲ ತಮ್ಮಾ. ದೇವರಾಣಿ ಖರೇ."

ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡ. ಆಮೇಲೆ ಮುಖ ಒರೆಸಿಕೊಂಡು ಸ್ಟೇಷನ್ನಿಗೆ ಬಿಟ್ಟ. ಪ್ಲಾಟ್‌ಫಾರ್ಮಿನಲ್ಲಿ ವಡೆಯ ಪೊಟ್ಟಣ ಕೊಡಿಸಿದ. ರೈಲು ಹೊರಟಾಗ ಬೋಳುತಲೆಯ ಮೇಲೆ ಟವೆಲು ಹೊದ್ದು ನಿಂತಿದ್ದ. ನಿಂತ ಭಂಗಿ ಅವರಪ್ಪನದೇ, ಎದೆ ಮುಂದೆ, ಕೈ ಪಕ್ಕಕ್ಕೆ. ಜನರಲ್ ಬೋಗಿಯ ಬಾಗಿಲಿನಿಂದ ಕಾಣುವವರೆಗೂ ನೋಡಿದೆ.

ಮರುದಿನ ಬೆಳಗ್ಗೆ ಮನೆ ತಲುಪಿದೆ. ಅವ್ವ ಹಿತ್ತಲಲ್ಲಿ ಬಿಸಿಲಿಗೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಇಷ್ಟು ಬೇಗ ಬಂದದ್ದು ನೋಡಿಯೇ ಅವಳಿಗೆ ತಿಳಿಯಿತು. ಕಾಕಾ ಹೋದದ್ದನ್ನು ಹೇಳಿದೆ. ಮಾಂಸದ ಹೋಟೆಲೆಂದೂ ಹೇಳಿದೆ. ಅದಕ್ಕೆ ಅವಳು ಕೈಯಾಡಿಸಿದಳು, ಅಷ್ಟೇ. ಉಳಿದದ್ದನ್ನು ಹೇಳಬಾರದೆಂದು ರೈಲಿನಲ್ಲಿ ನಿರ್ಧರಿಸಿದ್ದೆ. ಅವಳ ಮುಂದೆ ಕುಳಿತ ಮೇಲೆ ಬಚ್ಚಿಡಲು ಆಗಲಿಲ್ಲ. ಒಂದು ಗುಂಡು ಅಲ್ಲ ಎಂದು ಶುರು ಮಾಡಿ, ಮಧ್ಯಾಹ್ನದವರೆಗಿನದನ್ನೆಲ್ಲ ಹೇಳಿದೆ. ಅಪ್ಪನ ಮಾತನ್ನು ಕೇಳಿಸಿಕೊಂಡ ಹಾಗೆಯೇ ಹೇಳಿದೆ.

ಅವ್ವನ ಕೈ ಮೊರದಲ್ಲಿ ನಿಂತುಬಿಟ್ಟಿತು. ನಾನು ಹೆದರಿ ಅವಳ ಕೈ ಹಿಡಿದೆ. ನೀರು ತರುತ್ತೇನೆ ಎಂದು ಎದ್ದರೆ ಸೀರೆ ಹಿಡಿದು ಕೂರಿಸಿದಳು.

"ನಿಂಗಣ್ಣ ಹುಚ್ಚ," ಎಂದಳು. "ನನ್ನ ಮುಂದ ಒಂದ ಮಾತ ಅಂದಿದ್ರ, ಹೋಗ್ಲಿ ಬಿಡಪಾ ಅಂತಿದ್ದೆ. ಇಷ್ಟ ವರ್ಷ ಒಬ್ಬನ ಹೊತ್ಕೊಂಡ ತಿರಗ್ಯಾನ."

ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ, ಮದುವೆಯಾಗಿ ಎರಡೇ ವರ್ಷ ಸಂಸಾರ ಮಾಡಿದ ಹುಡುಗಿಯ ಹಾಗೆ, ದನಿ ತಗ್ಗಿಸಿ ಕೇಳಿದಳು.

"ತಮ್ಮಾ ಅಂದ್ನೇನು? ಹಂಗ ಎಳದ ಅಂದ್ನೇನು? ಇನ್ನೊಮ್ಮೆ ಅನ್ನು."

ನಾನು ಇನ್ನೊಮ್ಮೆ ಅಂದೆ.